ಸಿಡಿಯಿಂದ ಟೆರಾಬೈಟಿಗೆ: ಸಂಗ್ರಹ ಸಾಮರ್ಥ್ಯದ ಲೆಕ್ಕಾಚಾರ

(ಕೊಲ್ಕತ್ತದ ಜೋಕಾದಲ್ಲಿ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಿನ್ನೆ ರಾತ್ರಿ ಇಲ್ಲಿಗೆ ಸಮೀಪದ ಒಂದು ಕನ್ನಡ ಮನೆಯಲ್ಲಿ ನನಗೆ ಊಟದ ಆತಿಥ್ಯ ದೊರೆಯಿತು. ಊಟವಾದ ಮೇಲೆ ಮನೆಯೊಡತಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿರಿಸಿದರು. ಅದರಲ್ಲಿ 17 ಸಿಡಿಗಳೂ 11 ಡಿವಿಡಿಗಳೂ ಇದ್ದವು. ಮಗನ ಉಪನಯನ, ತಂಗಿಯ ಮದುವೆ, ಊರಿನ ತೇರು, ಈಗ ನಮ್ಮೊಡನಿಲ್ಲದ ಅವರ ತಾಯಿಯವರು ಹೇಳಿದ ಸಂಪ್ರದಾಯದ ಹಾಡುಗಳು, ಇವೆಲ್ಲ ಆ ಡಬ್ಬಿಯೊಳಗೆ ಅಡಗಿದ್ದವು. "ಇವನ್ನೆಲ್ಲ ಈ ಪೆನ್ ಡ್ರೈವಿಗೆ ತುಂಬಿಸಬೇಕೆಂದಿದ್ದೇನೆ, ಸರ್. ಇದರ ಮೇಲೆ 64 ಜಿಬಿ ಎಂದು ಬರೆದಿದೆ. ಸಿಡಿಗೆ 700 ಎಂಬಿ, ಡಿವಿಡಿಗೆ 4.7 ಜಿಬಿ. ಕೂಡಿದರೆ 63.6 ಬರುತ್ತದೆ. ಹಿಡಿಯುತ್ತದಲ್ಲವೇ?" ಎಂದು ಕೇಳಿದರು. ಎಲ್ಲ ತಟ್ಟೆಗಳೂ ತುಂಬಿದ್ದರೆ ಹಿಡಿಯುವುದಿಲ್ಲ ಎಂದೆ. ಅವರು ಆಶ್ಚರ್ಯಪಟ್ಟರು. ಅವರು ಮಾಡಿದ ಕೂಡುವ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ಅಳತೆಯಲ್ಲಿ. ಆ ಅಳತೆಯ ವಿಚಾರವನ್ನೇ ಇಂದು ತಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ.

ಈ ಮಾತಿಗೆ ಜೋಕಾ ಸೂಕ್ತವಾದ ಸ್ಥಳವೇ. ನಮ್ಮ ದೇಶದಲ್ಲಿ ಸ್ಥಾಪನೆಗೊಂಡ ಮೊದಲನೆಯ ಭಾರತೀಯ ನಿರ್ವಹಣಾ ಸಂಸ್ಥೆ 1961ರಲ್ಲಿ ಈ ನಗರದಲ್ಲಿ ಆರಂಭವಾಯಿತು. ಮೊದಲು ಬ್ಯಾರಕ್‌ಪುರ ಟ್ರಂಕ್ ರಸ್ತೆಯ ಎಮರಾಲ್ಡ್ ಬವರ್ ಎಂಬ ಕಟ್ಟಡದಲ್ಲಿದ್ದು, ಎಪ್ಪತ್ತರ ದಶಕದಲ್ಲಿ ಕೆರೆಗಳಿಂದ ಕೂಡಿದ ಈ ಜೋಕಾದ ಆವರಣಕ್ಕೆ ಬಂದಿತು. ಅದೇ ಬ್ಯಾರಕ್‌ಪುರ ಟ್ರಂಕ್ ರಸ್ತೆಯಲ್ಲಿ ಪ್ರಶಾಂತಚಂದ್ರ ಮಹಲನೋಬಿಸರು ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಿದೆ. 1955ರಲ್ಲಿ ಅಲ್ಲಿಗೆ ತಂದು ನಿಲ್ಲಿಸಿದ ಎಚ್‌ಇಸಿ-2ಎಂ ಎಂಬ ಯಂತ್ರವೇ ಭಾರತದ ಮೊದಲನೆಯ ಅಂಕೀಯ ಗಣಕ. ಅದರ ಕಾಂತೀಯ ಡ್ರಮ್ಮಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಒಂದು ಸಾವಿರ ಪದಗಳಷ್ಟು ಮಾತ್ರ. ಇಂದು ಇಲ್ಲಿಯ ವಿದ್ಯಾರ್ಥಿಯ ಕೈಚೀಲದಲ್ಲಿರುವ ಪೆಟ್ಟಿಗೆಯ ಸಾಮರ್ಥ್ಯವನ್ನು ಹೇಳಲು ಲಕ್ಷ ಕೋಟಿ ಎಂಬ ಸಂಖ್ಯೆ ಬೇಕಾಗುತ್ತದೆ.

ಮೊದಲು ಮಾನಗಳನ್ನು ನೋಡೋಣ. ಗಣಕದ ಸಂಗ್ರಹವನ್ನು ಅಳೆಯುವ ಮೂಲ ಮಾನ ಬೈಟ್. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟ್. ರೋಮನ್ ಲಿಪಿಯ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡಕ್ಕೆ ಹಾಗಲ್ಲ. ಇಂದು ಬಳಕೆಯಲ್ಲಿರುವ ಯುನಿಕೋಡ್ ಪದ್ಧತಿಯ ಯುಟಿಎಫ್-8 ರೂಪದಲ್ಲಿ ನಮ್ಮ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು ಬೇಕು. 'ಜೋಕಾ' ಎಂಬಲ್ಲಿ ಜ, ಓತ್ವ, ಕ, ದೀರ್ಘ ಹೀಗೆ ನಾಲ್ಕು ಸಂಕೇತಗಳಿವೆ. ಒಟ್ಟು 12 ಬೈಟ್. ಅಂತಹ ಸಾವಿರ ಬೈಟ್ ಒಂದು ಕಿಲೋಬೈಟ್, ಸಾವಿರ ಕಿಲೋಬೈಟ್ ಒಂದು ಮೆಗಾಬೈಟ್, ಸಾವಿರ ಮೆಗಾಬೈಟ್ ಒಂದು ಗಿಗಾಬೈಟ್, ಸಾವಿರ ಗಿಗಾಬೈಟ್ ಒಂದು ಟೆರಾಬೈಟ್, ಅದರ ಸಾವಿರ ಪಟ್ಟು ಒಂದು ಪೆಟಾಬೈಟ್. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಮೆಗಾಬೈಟ್ ಎಂದರೆ ಹತ್ತು ಲಕ್ಷ ಬೈಟ್, ಗಿಗಾಬೈಟ್ ಎಂದರೆ ನೂರು ಕೋಟಿ, ಟೆರಾಬೈಟ್ ಎಂದರೆ ಒಂದು ಲಕ್ಷ ಕೋಟಿ. ಈ ಮೂರನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕಗಳು ಸುಲಭವಾಗುತ್ತವೆ.

ಇಷ್ಟೇ ಆಗಿದ್ದರೆ ಈ ಉಪನ್ಯಾಸದ ಅಗತ್ಯವಿರುತ್ತಿರಲಿಲ್ಲ. ಗಣಕವು ದ್ವಿಮಾನ ಪದ್ಧತಿಯಲ್ಲಿ ಎಣಿಸುವ ಯಂತ್ರ. ಎರಡನ್ನು ಎರಡರಿಂದ ಗುಣಿಸುತ್ತ ಹೋದರೆ ಸಾವಿರಕ್ಕೆ ಸರಿಯಾಗಿ ನಿಲ್ಲುವುದಿಲ್ಲ. ಹತ್ತನೆಯ ಹೆಜ್ಜೆಯಲ್ಲಿ 1,024 ಬರುತ್ತದೆ. ಸಾವಿರಕ್ಕೆ ಇದು ಸಮೀಪವಾದುದರಿಂದ ಗಣಕ ತಜ್ಞರು ಇದನ್ನೇ ಕಿಲೋ ಎಂದು ಕರೆಯತೊಡಗಿದರು. ಹೀಗೆ ಒಂದೇ ಹೆಸರಿಗೆ ಎರಡು ಅಳತೆಗಳಾದವು: ದಶಮಾನದ ಮೆಗಾಬೈಟ್ 10,00,000 ಬೈಟ್; ದ್ವಿಮಾನದ ಮೆಗಾಬೈಟ್ 10,48,576 ಬೈಟ್.

ನಮ್ಮ ಹಿರಿಯರಿಗೆ ಇದು ಹೊಸದೇನೂ ಅಲ್ಲ. ಹಳೆಯ ಮಗ್ಗಿಯ ಪುಸ್ತಕದಲ್ಲಿ ಅರ್ಧ, ಕಾಲು, ಅರೆಕಾಲು, ವೀಸ ಎಂದು ಪ್ರತಿ ಹೆಜ್ಜೆಯಲ್ಲೂ ಎರಡಾಗಿ ಒಡೆಯುತ್ತ ಹೋಗುತ್ತಿದ್ದರು. ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆಯಂತೆ ರೂಪಾಯಿಗೆ ಅರವತ್ತನಾಲ್ಕು ಪೈಸೆ; ಇದು ಗಣಕ ಮೆಚ್ಚುವ ಲೆಕ್ಕ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆಯಾಯಿತು. ಇದು ವ್ಯಾಪಾರಿ ಮೆಚ್ಚುವ ಲೆಕ್ಕ. ಪೈಸೆ ಎಂಬ ಹೆಸರು ಎರಡಕ್ಕೂ ಒಂದೇ ಆದುದರಿಂದ, ಗೊಂದಲವಾಗಬಾರದೆಂದು ಸರಕಾರವು ಹಲವು ವರ್ಷಗಳ ಕಾಲ ಹೊಸದಕ್ಕೆ 'ನಯಾ' ಎಂಬ ವಿಶೇಷಣವನ್ನು ಸೇರಿಸಿತ್ತು. ಗಣಕದ ಮಾನಗಳಿಗೂ ಇಂತಹುದೇ ಏರ್ಪಾಡು ನಡೆದಿದೆ. ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1998ರಲ್ಲಿ ದ್ವಿಮಾನದ ಅಳತೆಗಳಿಗೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್, ಟೆಬಿಬೈಟ್ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ಆದರೆ ಅಂಗಡಿಯ ಪೆಟ್ಟಿಗೆಗಳ ಮೇಲಾಗಲಿ ಜನರ ಬಾಯಲ್ಲಾಗಲಿ ಈ ಹೆಸರುಗಳು ನೆಲೆಗೊಳ್ಳಲಿಲ್ಲ.

ಈ ನಗರದ ಹಳೆಯ ಪೇಟೆಯಲ್ಲಿಯೂ ಇಂತಹ ಇಮ್ಮಡಿ ಲೆಕ್ಕ ಇತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದ ಕಲ್ಕತ್ತೆಯಲ್ಲಿ ಫ್ಯಾಕ್ಟರಿ ಮಣ ಎಂಬುದೊಂದು, ಬಜಾರ್ ಮಣ ಎಂಬುದೊಂದು. ಮೊದಲನೆಯದು ಸುಮಾರು 74⅔ ಪೌಂಡು. ಎರಡನೆಯದು ಅದಕ್ಕಿಂತ ಹತ್ತನೆಯ ಒಂದು ಪಾಲು ಹೆಚ್ಚು, ಎಂದರೆ ಸುಮಾರು 82 ಪೌಂಡು. ಬರಿಯ 'ಮಣ' ಎಂದು ಬರೆದು ಸರಕು ಕೊಂಡವನ ಪಾಡೇನು ಎಂಬುದನ್ನು ತಾವೇ ಊಹಿಸಬಹುದು. ಕೌತುಕದ ಸಂಗತಿಯೆಂದರೆ, ಇಂದಿನ ಎರಡು ಟೆರಾಬೈಟ್‌ಗಳ ನಡುವಿನ ವ್ಯತ್ಯಾಸವೂ ಹೆಚ್ಚು ಕಡಿಮೆ ಅಷ್ಟೇ. ಕಿಲೋಬೈಟಿನಲ್ಲಿ ಅಂತರ ಶೇಕಡ 2.4 ಮಾತ್ರ, ಮೆಗಾಬೈಟಿನಲ್ಲಿ ಶೇಕಡ 4.9, ಗಿಗಾಬೈಟಿನಲ್ಲಿ 7.4; ಟೆರಾಬೈಟಿಗೆ ಬಂದಾಗ ಸುಮಾರು 10; ಪೆಟಾಬೈಟಿನಲ್ಲಿ 12.6. ಮಾನವು ದೊಡ್ಡದಾದಷ್ಟೂ ತಪ್ಪೂ ದೊಡ್ಡದಾಗುತ್ತದೆ. ಮೆಗಾಬೈಟಿನ ಕಾಲದಲ್ಲಿ ಯಾರೂ ಗಮನಿಸದಿದ್ದ ವ್ಯತ್ಯಾಸ ಟೆರಾಬೈಟಿನ ಕಾಲದಲ್ಲಿ ಹಣದ ಪ್ರಶ್ನೆಯಾಗಿದೆ.

ಇನ್ನು ಸಿಡಿಯ ವಿಚಾರಕ್ಕೆ ಬರುತ್ತೇನೆ. ನಮ್ಮ ಪಾರಿಭಾಷಿಕ ಕೋಶಗಳು ಇದನ್ನು ಸಾಂದ್ರ ಮುದ್ರಿಕೆ ಎಂದು ಕರೆದವು; ಜನರು ಸಿಡಿ ಎಂದೇ ಕರೆದರು, ನಾನೂ ಹಾಗೆಯೇ ಕರೆಯುತ್ತೇನೆ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಇದು 1982ರಲ್ಲಿ ಮಾರುಕಟ್ಟೆಗೆ ಬಂದಿತು. ವ್ಯಾಸ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಮೇಲೆ ನೋಡಿದರೆ ಕನ್ನಡಿಯಂತೆ ನುಣುಪು; ಒಳಗೆ ಮಧ್ಯದಿಂದ ಅಂಚಿನ ಕಡೆಗೆ ಸುರುಳಿ ಸುತ್ತುತ್ತ ಸಾಗುವ ಒಂದೇ ಒಂದು ದಾರಿ. ಸುತ್ತಿಗೂ ಸುತ್ತಿಗೂ ನಡುವಣ ಅಂತರ 1.6 ಮೈಕ್ರೋಮೀಟರ್. ಆ ದಾರಿಯನ್ನು ಬಿಚ್ಚಿ ಉದ್ದಕ್ಕೆ ಎಳೆದರೆ ಐದು ಕಿಲೋಮೀಟರಿಗೂ ಹೆಚ್ಚಾಗುತ್ತದೆ. 2022ರ ಡಿಸೆಂಬರಿನಲ್ಲಿ ಜೋಕಾದಿಂದ ತಾರಾತಲಾದವರೆಗೆ ಮೆಟ್ರೊ ರೈಲು ಆರಂಭವಾಯಿತಲ್ಲವೇ? ಆ ಮಾರ್ಗ ಸುಮಾರು ಆರೂವರೆ ಕಿಲೋಮೀಟರ್. ಸಿಡಿಯ ಒಂದು ಎಳೆಯನ್ನು ಜೋಕಾ ನಿಲ್ದಾಣದಲ್ಲಿ ಕಟ್ಟಿ ಹೊರಟರೆ ತಾರಾತಲಾ ತಲುಪಲು ಸ್ವಲ್ಪ ದೂರವಿರುವಾಗ ಅದು ಮುಗಿಯುತ್ತದೆ. ಈ ಎಳೆಯ ಮೇಲಿನ ಗುರುತುಗಳನ್ನು 780 ನ್ಯಾನೋಮೀಟರ್ ಅಲೆಯುದ್ದದ ಲೇಸರ್ ಕಿರಣ ಓದುತ್ತದೆ. ಡಿವಿಡಿಯಲ್ಲಿ ಕಿರಣದ ಅಲೆಯುದ್ದ 650ಕ್ಕೂ ಬ್ಲೂ-ರೇ ತಟ್ಟೆಯಲ್ಲಿ 405ಕ್ಕೂ ಇಳಿಯಿತು. ಕಿರಣ ಸೂಕ್ಷ್ಮವಾದಂತೆ ಸುತ್ತುಗಳನ್ನು ಒತ್ತಾಗಿ ಜೋಡಿಸಲು ಸಾಧ್ಯವಾಯಿತು. ಅಷ್ಟೇ ಅಗಲದ ತಟ್ಟೆಯಲ್ಲಿ ಹೆಚ್ಚು ಹಿಡಿಯಿತು.

ಸಿಡಿಯ ಸಾಮರ್ಥ್ಯವನ್ನು ಅಳೆದದ್ದು ಬೈಟಿನಿಂದಲ್ಲ, ಗಡಿಯಾರದಿಂದ. ಅದು ಹುಟ್ಟಿದ್ದು ಸಂಗೀತಕ್ಕಾಗಿ; ಆದ್ದರಿಂದಲೇ 74 ನಿಮಿಷ, 80 ನಿಮಿಷ ಎಂಬ ಮಾತು. ಒಂದು ಸೆಕೆಂಡಿಗೆ 75 ಖಂಡಗಳು. ಪ್ರತಿ ಖಂಡದಲ್ಲಿ 2,352 ಬೈಟ್‌ಗಳಿಗೆ ಸ್ಥಳ. ಹಾಡನ್ನು ಬರೆಯುವಾಗ ಈ ಸ್ಥಳವೆಲ್ಲವೂ ಹಾಡಿಗೇ ದೊರೆಯುತ್ತದೆ. ಲೆಕ್ಕಪತ್ರ, ಪುಸ್ತಕ, ಚಿತ್ರ ಮುಂತಾದ ಕಡತಗಳನ್ನು ಬರೆಯುವಾಗ 2,048 ಬೈಟ್ ಮಾತ್ರ ದೊರೆಯುತ್ತದೆ. ಉಳಿದ 304 ಬೈಟ್‌ಗಳು ಖಂಡದ ಗುರುತಿಗೂ ದೋಷ ಪರಿಹಾರಕ್ಕೂ ಮೀಸಲು. ಹಾಡಿನಲ್ಲಿ ಒಂದು ಬೈಟ್ ತಪ್ಪಿದರೆ ಕಿವಿ ಕ್ಷಮಿಸುತ್ತದೆ. ಜಮೀನಿನ ಪಹಣಿಯಲ್ಲಿ ಒಂದು ಅಂಕಿ ತಪ್ಪಿದರೆ ಕ್ಷಮಿಸುವವರು ಯಾರು?

ಈಗ ಗುಣಿಸೋಣ. 80 ನಿಮಿಷವೆಂದರೆ 4,800 ಸೆಕೆಂಡು. 75ರಿಂದ ಗುಣಿಸಿದರೆ 3,60,000 ಖಂಡಗಳು. 2,048ರಿಂದ ಗುಣಿಸಿದರೆ 73,72,80,000 ಬೈಟ್. ಎಂದರೆ ದಶಮಾನದ ಲೆಕ್ಕದಲ್ಲಿ 737 ಮೆಗಾಬೈಟ್. ಆದರೆ ತಟ್ಟೆಯ ಮೇಲೆ ಮುದ್ರಿಸಿರುವುದು 700. ಅದು ಹೇಗೆ? 10,48,576ರಿಂದ ಭಾಗಿಸಿದಾಗ 703 ಬರುತ್ತದೆ. ಅದನ್ನು 700 ಎಂದು ದುಂಡಾಗಿಸಿದರು. 74 ನಿಮಿಷದ ತಟ್ಟೆಯ 650 ಎಂಬ ಸಂಖ್ಯೆಯೂ ಹೀಗೆಯೇ ಬಂದದ್ದು. ಹಾಗಾಗಿ ಸಿಡಿಯ ಮೇಲಿನ ಎಂಬಿ ದ್ವಿಮಾನದ್ದು.

ಡಿವಿಡಿಯ ಕಡೆಗೆ ತಿರುಗಿದರೆ ಪದ್ಧತಿಯೇ ಬದಲಾಗಿದೆ. ಒಂದು ಪದರದ ಡಿವಿಡಿ-ಆರ್ ತಟ್ಟೆಯಲ್ಲಿ 4,70,73,19,808 ಬೈಟ್‌ಗಳಿಗೆ ಸ್ಥಳವಿದೆ. ಇದನ್ನು ನೂರು ಕೋಟಿಯಿಂದ ಭಾಗಿಸಿ 4.7 ಜಿಬಿ ಎಂದು ಮುದ್ರಿಸಿದ್ದಾರೆ. ಇಲ್ಲಿಯ ಜಿಬಿ ದಶಮಾನದ್ದು! ಅದೇ ತಟ್ಟೆಯನ್ನು ವಿಂಡೋಸ್ ಇರುವ ಗಣಕಕ್ಕೆ ಹಾಕಿದರೆ ತೆರೆಯ ಮೇಲೆ 4.38 ಜಿಬಿ ಎಂದು ತೋರುತ್ತದೆ. ಏಕೆಂದರೆ ಆ ಗಣಕ ಎಣಿಸುವುದು ದ್ವಿಮಾನದಲ್ಲಿ, ಹೆಸರು ಬರೆಯುವುದು ಮಾತ್ರ ಜಿಬಿ ಎಂದು. ಅಂಗಡಿಯವನು ಮೋಸ ಮಾಡಿದನೆಂದು ಆಗ ಎಷ್ಟೋ ಜನ ಜಗಳವಾಡಿದ್ದುಂಟು. ಬ್ಲೂ-ರೇ ತಟ್ಟೆಯ 25 ಜಿಬಿ, ಪೆನ್ ಡ್ರೈವಿನ 64 ಜಿಬಿ, ಹಾರ್ಡ್ ಡಿಸ್ಕಿನ 1 ಟೆರಾಬೈಟ್, ಇವೆಲ್ಲ ದಶಮಾನದವು. ಆದ್ದರಿಂದ ವಿಂಡೋಸ್ ಗಣಕವು 1 ಟೆರಾಬೈಟಿನ ಡಿಸ್ಕನ್ನು 931 ಜಿಬಿ ಎಂದೂ 64 ಜಿಬಿಯ ಪೆನ್ ಡ್ರೈವನ್ನು 59.6 ಜಿಬಿ ಎಂದೂ ತೋರಿಸುತ್ತದೆ. ಏನೂ ಕಳೆದುಹೋಗಿಲ್ಲ, ಫ್ಯಾಕ್ಟರಿ ಮಣವನ್ನು ಬಜಾರ್ ಮಣದಲ್ಲಿ ತೂಗಿದಂತಾಗಿದೆ. ಆಪಲ್ ಸಂಸ್ಥೆಯ ಮ್ಯಾಕ್ ಗಣಕಗಳು 2009ರಿಂದ ದಶಮಾನದಲ್ಲಿಯೇ ತೋರಿಸುತ್ತಿವೆ.

ನೆನ್ನೆಯ ಬಿಸ್ಕತ್ತಿನ ಡಬ್ಬಿಗೆ ಹಿಂದಿರುಗೋಣ. ಒಂದೇ ಸೂತ್ರ ಸಾಕು: ಮೊದಲು ಎಲ್ಲವನ್ನೂ ಬೈಟ್‌ಗೆ ಇಳಿಸಿಕೊಳ್ಳಬೇಕು, ಕೂಡುವುದು ಆಮೇಲೆ. 17 ಸಿಡಿಗಳಿಗೆ 1,253 ಕೋಟಿ ಬೈಟ್. 11 ಡಿವಿಡಿಗಳಿಗೆ 5,178 ಕೋಟಿ ಬೈಟ್. ಒಟ್ಟು 6,431 ಕೋಟಿ. ಪೆನ್ ಡ್ರೈವಿನಲ್ಲಿ ಇರುವುದು 6,400 ಕೋಟಿ. ಮೂವತ್ತೊಂದು ಕೋಟಿ ಬೈಟಿನಷ್ಟು, ಎಂದರೆ ಅರ್ಧ ಸಿಡಿಗೂ ಸ್ವಲ್ಪ ಕಡಿಮೆ, ಹೊರಗುಳಿಯುತ್ತದೆ. ಆ ಅರ್ಧ ಸಿಡಿಯಲ್ಲಿ ತಾಯಿಯ ಹಾಡು ಇರುವುದೋ ತೇರಿನ ಗದ್ದಲ ಇರುವುದೋ ಲೆಕ್ಕಕ್ಕೆ ಗೊತ್ತಿಲ್ಲ. ಇನ್ನೂ ಒಂದು ಮಾತು. ತಾಯಿಯ ಹಾಡಿನ ತಟ್ಟೆ ಕಡತದ ಸಿಡಿಯಾಗಿರದೆ ಸಂಗೀತದ ಸಿಡಿಯಾಗಿದ್ದರೆ, ಅದರಲ್ಲಿ ಖಂಡಕ್ಕೆ 2,352 ಬೈಟ್‌ಗಳೂ ಹಾಡಿನವೇ. 80 ನಿಮಿಷ ತುಂಬಿದ ಅಂತಹ ಒಂದು ತಟ್ಟೆಯನ್ನು ಕುಗ್ಗಿಸದೆ ಇಳಿಸಿಕೊಂಡರೆ 84 ಕೋಟಿ 67 ಲಕ್ಷ ಬೈಟ್ ಆಗುತ್ತದೆ. 700 ಎಂದು ಬರೆದ ತಟ್ಟೆಯಿಂದ 846 ಮೆಗಾಬೈಟ್ ಹೊರಬಂದಿತೆಂದು ಗಾಬರಿಯಾಗಬೇಕಾಗಿಲ್ಲ.

ಎಷ್ಟು ತಟ್ಟೆಗಳಿಗೆ ಒಂದು ಟೆರಾಬೈಟ್ ಎಂದು ಅನೇಕರು ಕೇಳುತ್ತಾರೆ. ಲಕ್ಷ ಕೋಟಿಯನ್ನು ಭಾಗಿಸಿದರೆ, ತುಂಬಿದ ಸಿಡಿಗಳಾದರೆ 1,356, ಒಂದು ಪದರದ ಡಿವಿಡಿಗಳಾದರೆ 212. ಇಪ್ಪತ್ತೈದು ಜಿಬಿಯ ಬ್ಲೂ-ರೇ ತಟ್ಟೆಗಳು ಸರಿಯಾಗಿ ನಲವತ್ತು ಹಿಡಿಯಬೇಕಲ್ಲವೇ? ಹಿಡಿಯುವುದು 39. ಏಕೆಂದರೆ ಆ ತಟ್ಟೆಯಲ್ಲಿ ನಿಜವಾಗಿ ಇರುವುದು 2,502 ಕೋಟಿ 53 ಲಕ್ಷ ಬೈಟ್. ಹೆಚ್ಚಿನ ಆ ಎರಡು ಚಿಲ್ಲರೆ ಕೋಟಿ ನಲವತ್ತು ಬಾರಿ ಸೇರಿ ಕೊನೆಯ ತಟ್ಟೆಯನ್ನು ಹೊರಗೆ ತಳ್ಳುತ್ತದೆ. 1,356 ಸಿಡಿಗಳನ್ನು ಒಂದರ ಮೇಲೊಂದು ಪೇರಿಸಿದರೆ 1.63 ಮೀಟರ್, ಸುಮಾರು ಒಂದು ಆಳೆತ್ತರ. ಒಂದು ಪೆಟಾಬೈಟಿಗೆ ಬೇಕಾಗುವ ಸಿಡಿಗಳನ್ನು ಪೇರಿಸಿದರೆ ಒಂದೂವರೆ ಕಿಲೋಮೀಟರನ್ನು ಮೀರುತ್ತದೆ. ನಂದಿಬೆಟ್ಟದ ಶಿಖರವು ಸಮುದ್ರಮಟ್ಟದಿಂದ ಅಷ್ಟು ಎತ್ತರದಲ್ಲಿಲ್ಲ.

ಲೆಕ್ಕದ ತಪ್ಪಿನಿಂದ ಆಗುವ ನಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಮರೆಮಾಚದೆ ಹೇಳಬೇಕು, ಏಕೆಂದರೆ ಆ ಲೆಕ್ಕದ ಹಾಳೆಗೆ ನನ್ನ ಸಹಿಯೂ ಇತ್ತು. ನಾನು ಸೇವೆಯಲ್ಲಿದ್ದ ಒಂದು ಗ್ರಂಥಾಲಯದಲ್ಲಿ ಹಳೆಯ ಕನ್ನಡ ಪತ್ರಿಕೆಗಳ ಪುಟಚಿತ್ರಗಳು 1,400 ಸಿಡಿಗಳಲ್ಲಿದ್ದವು. ಎಲ್ಲವೂ ಅಂಚಿನವರೆಗೆ ತುಂಬಿದ ತಟ್ಟೆಗಳು. 2011ರಲ್ಲಿ ಇವನ್ನು ಹಾರ್ಡ್ ಡಿಸ್ಕಿಗೆ ವರ್ಗಾಯಿಸಲು ನಿಶ್ಚಯವಾಯಿತು. 1,400ನ್ನು 700ರಿಂದ ಗುಣಿಸಿದೆವು: 9,80,000 ಮೆಗಾಬೈಟ್, ಎಂದರೆ 980 ಗಿಗಾಬೈಟ್. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಹಿಡಿದು ಇನ್ನೂ ಇಪ್ಪತ್ತು ಉಳಿಯುತ್ತದೆಂದು ಬರೆದು ಮಂಜೂರಾತಿ ಪಡೆದೆವು. ನಿಜವಾದ ಲೆಕ್ಕ ಬೇರೆಯೇ ಇತ್ತು. 73 ಕೋಟಿ 72 ಲಕ್ಷ 80 ಸಾವಿರವನ್ನು 1,400ರಿಂದ ಗುಣಿಸಿದರೆ ಒಂದು ಲಕ್ಷದ ಮೂರು ಸಾವಿರದ ಇನ್ನೂರ ಹತ್ತೊಂಬತ್ತು ಕೋಟಿ. ಡಿಸ್ಕಿನಲ್ಲಿ ಇದ್ದದ್ದು ಲಕ್ಷ ಕೋಟಿ ಮಾತ್ರ. ಮೂರು ಸಾವಿರ ಚಿಲ್ಲರೆ ಕೋಟಿ ಬೈಟಿನ ಕೊರತೆ. ಎಂದರೆ 44 ತಟ್ಟೆಗಳು.

ವಾರಗಟ್ಟಲೆ ಕೆಲಸ ನಡೆದ ಮೇಲೆ, ಕೊನೆಯ 44 ತಟ್ಟೆಗಳು ಉಳಿದಿರುವಾಗ, ಸ್ಥಳವಿಲ್ಲವೆಂದು ಗಣಕ ಹೇಳಿತು. ಮತ್ತೊಂದು ಡಿಸ್ಕಿಗೆ ಮತ್ತೊಂದು ಮಂಜೂರಾತಿ ಬೇಕು. ವರ್ಷ ಮುಗಿಯುತ್ತಿತ್ತು, ಅನುದಾನ ಮುಗಿದಿತ್ತು, ಮರುವರ್ಷ ಬೇರೆ ಕೆಲಸಗಳು ಬಂದವು. ಆ ತಟ್ಟೆಗಳು ಒಂದು ಕಪಾಟಿನಲ್ಲಿ ಉಳಿದವು.

ತಟ್ಟೆ ಶಾಶ್ವತವೆಂಬ ನಂಬಿಕೆ ಅಂದು ನಮ್ಮೆಲ್ಲರಲ್ಲೂ ಇತ್ತು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿಗೂ ನಾವು ಮನೆಯಲ್ಲಿ ಬರೆದುಕೊಳ್ಳುವ ಸಿಡಿಗೂ ಬಹಳ ವ್ಯತ್ಯಾಸವಿದೆ. ಬರೆಯುವ ಸಿಡಿಯಲ್ಲಿ ಗುರುತು ಮೂಡುವುದು ಸಾವಯವ ಬಣ್ಣದ ಒಂದು ತೆಳುಪದರದ ಮೇಲೆ. ಬಿಸಿಲು, ಸೆಕೆ, ತೇವ ಇವು ಆ ಬಣ್ಣದ ಶತ್ರುಗಳು. ಕೊಲ್ಕತ್ತದ ಮಳೆಗಾಲವನ್ನಾಗಲಿ ಮಂಗಳೂರಿನ ಮಳೆಗಾಲವನ್ನಾಗಲಿ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಹೊಳೆಯುವ ಕೆಳಬದಿಯನ್ನೇ ನಾವು ಜೋಪಾನ ಮಾಡುತ್ತೇವೆ. ಆದರೆ ಸಿಡಿಯಲ್ಲಿ ಅಪಾಯ ಹೆಚ್ಚಿರುವುದು ಹೆಸರು ಬರೆಯುವ ಮೇಲುಬದಿಗೆ. ಪ್ರತಿಫಲಿಸುವ ಲೋಹದ ಪದರವು ಅಲ್ಲಿ ತೆಳುವಾದ ಅರಗಿನ ಲೇಪದ ಕೆಳಗೇ ಇದೆ. ಚೂಪಾದ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಆ ಪದರ ಹಾಳಾಗುತ್ತದೆ. ಓದುವ ಯಂತ್ರಗಳೂ ವಿರಳವಾಗಿವೆ. ಹೊಸ ಮಡಿಲ ಗಣಕಗಳಲ್ಲಿ ಬಹುಪಾಲಿಗೆ ತಟ್ಟೆ ತೂರಿಸುವ ಬಾಯಿಯೇ ಇಲ್ಲ. ಒಂದು ಕಾಲಕ್ಕೆ ಭಾರತದಿಂದ ಜಗತ್ತಿಗೆಲ್ಲ ಖಾಲಿ ತಟ್ಟೆಗಳನ್ನು ಮಾರುತ್ತಿದ್ದ ಮೋಸರ್ ಬೇರ್ ಸಂಸ್ಥೆ 2018ರಲ್ಲಿ ಸಮಾಪನೆಗೆ ಒಳಗಾಯಿತು. ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ಸೋನಿ ಸಂಸ್ಥೆ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು.

ಆದುದರಿಂದ ಮನೆಯಲ್ಲಿ ಇಂತಹ ಡಬ್ಬಿ ಇರುವವರು ಹೀಗೆ ಮಾಡಬಹುದು. ತಟ್ಟೆಯ ಮೇಲಿನ ಮುದ್ರಿತ ಸಂಖ್ಯೆಯನ್ನು ಬಿಟ್ಟು, ಗಣಕಕ್ಕೆ ಹಾಕಿ, ಅದರ ಗುಣಲಕ್ಷಣಗಳ ಪುಟವನ್ನು ತೆರೆಯಿರಿ. ಬಳಕೆಯಾದ ಸ್ಥಳವನ್ನು ಅಲ್ಲಿ ಪೂರ್ತಿ ಬೈಟ್‌ಗಳಲ್ಲಿಯೂ ಕೊಟ್ಟಿರುತ್ತದೆ. ಅದನ್ನೇ ಬರೆದುಕೊಳ್ಳಿ. ಎಷ್ಟೋ ತಟ್ಟೆಗಳು ಅರ್ಧವೂ ತುಂಬಿರುವುದಿಲ್ಲ, ಆಗ ಖರ್ಚೂ ಕಡಿಮೆಯಾಗುತ್ತದೆ. ಎಲ್ಲವನ್ನೂ ಕೂಡಿ, ಕಡತಗಳ ವ್ಯವಸ್ಥೆಗೆಂದು ಹತ್ತನೆಯ ಒಂದು ಪಾಲನ್ನು ಸೇರಿಸಿ, ಬಂದ ಮೊತ್ತವನ್ನು ನೂರು ಕೋಟಿಯಿಂದ ಭಾಗಿಸಿದರೆ ಕೊಳ್ಳಬೇಕಾದ ಡಿಸ್ಕಿನ ಗಿಗಾಬೈಟ್ ತಿಳಿಯುತ್ತದೆ. ಕೊಳ್ಳುವಾಗ ಎರಡು ಕೊಳ್ಳಿ. ಒಂದು ಪ್ರತಿ ಇಲ್ಲಿರಲಿ, ಮತ್ತೊಂದು ಊರಿನ ಮನೆಯಲ್ಲಿರಲಿ. ಪೆನ್ ಡ್ರೈವು ಕೊಂಡೊಯ್ಯಲು ಒಳ್ಳೆಯದು. ಅದೊಂದನ್ನೇ ನಂಬಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಡಬಾರದು. ವರ್ಗಾಯಿಸಿದ ಮೇಲೆ ಕಡತಗಳನ್ನು ತೆರೆದು ನೋಡದೆ ತಟ್ಟೆಯನ್ನು ಎಸೆಯಬಾರದು.

ಒಂದು ಸಂಗತಿಯನ್ನು ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕು. ಒಂದು ಪುಟದ ಕನ್ನಡವನ್ನು ಅಕ್ಷರಗಳಾಗಿ ಬೆರಳಚ್ಚು ಮಾಡಿದರೆ, ಎರಡು ಸಾವಿರ ಸಂಕೇತಗಳೆಂದು ಇಟ್ಟುಕೊಂಡರೆ, ಆರು ಸಾವಿರ ಬೈಟ್. ಎಂದರೆ ಒಂದು ಸಿಡಿಯಲ್ಲಿ ಲಕ್ಷಕ್ಕೂ ಹೆಚ್ಚು ಪುಟಗಳು. ಅದೇ ಪುಟವನ್ನು ಒಂದು ಲಕ್ಷ ಬೈಟಿನ ಚಿತ್ರವಾಗಿ ತೆಗೆದರೆ ಏಳು ಸಾವಿರ ಚಿಲ್ಲರೆ ಪುಟಗಳು ಮಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ನಮ್ಮ ಹಳೆಯ ಪುಸ್ತಕಗಳು ಉಳಿದುಬಂದದ್ದು ಪುಟಚಿತ್ರಗಳಾಗಿಯೇ. ಚಿತ್ರಕ್ಕೆ ಸ್ಥಳ ಹೆಚ್ಚು ಬೇಕು. ಆದರೆ ಅಚ್ಚಿನ ಮೊಳೆ, ಅಂಚಿನ ಟಿಪ್ಪಣಿ, ಓದಿದವರ ಗೀಟು ಎಲ್ಲವೂ ಅದರಲ್ಲಿ ಉಳಿಯುತ್ತವೆ. ಸ್ಥಳದ ಲೆಕ್ಕ ತಪ್ಪಿದಾಗ ಮೊದಲು ಬಿಟ್ಟುಹೋಗುವುದೂ ಇವೇ.

ಆ 44 ತಟ್ಟೆಗಳು ಏನಾದವೆಂದು ತಾವು ಕೇಳಬಹುದು. 2019ರಲ್ಲಿ ಎರಡನೆಯ ಡಿಸ್ಕು ಬಂದಾಗ ಅವನ್ನು ಕಪಾಟಿನಿಂದ ತೆಗೆದೆವು. 37 ತಟ್ಟೆಗಳನ್ನು ಗಣಕ ಓದಿತು. ಎರಡನ್ನು ಓದಲು ಒಂದು ಇಡೀ ದಿನ ತೆಗೆದುಕೊಂಡಿತು. ಏಳನ್ನು ಓದಲಿಲ್ಲ. ಬೇರೆ ಬೇರೆ ಯಂತ್ರಗಳಲ್ಲಿ ಹಾಕಿ ನೋಡಿದೆವು. ಮೂಲ ಪತ್ರಿಕೆಗಳ ಕಾಗದ ಪುಡಿಯಾಗಿ, ಸಂಪುಟಗಳನ್ನು ಅಷ್ಟರಲ್ಲಿ ವಿಲೇವಾರಿ ಮಾಡಲಾಗಿತ್ತು. ಆ ಏಳು ತಟ್ಟೆಗಳನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ. ಒಂದೊಂದರ ಮೇಲೂ ಪತ್ರಿಕೆಯ ವರ್ಷ ಮತ್ತು ತಿಂಗಳನ್ನು ಕಾಗದದ ಚೀಟಿಯಲ್ಲಿ ಬರೆದು, ಹೊದಿಕೆಯೊಳಗೆ ಸೇರಿಸಿ, ಅದೇ ಕಪಾಟಿನಲ್ಲಿ ಇರಿಸಿ ಬಂದಿದ್ದೇನೆ.